ಒಂದೇ ಊರು, ಎರಡು ಘಮ

‘ಮಗಾ, ಶನಿವಾರ ಎಲ್ಲಿ?’

ಶುಕ್ರವಾರ ಸಂಜೆಯಾದರೆ ಬೆಂಗಳೂರಿನ ಪಿ.ಜಿ.ಗಳ, ಬ್ಯಾಚುಲರ್ ರೂಮುಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಬಂದು ಬೀಳುವ ಮೊದಲ ಪ್ರಶ್ನೆ ಇದು. ಕೆಲಸ ಸಿಕ್ಕವರು ಇಂದಿರಾನಗರದ ಯಾವುದೋ ಬ್ರೂವರಿಯ ಹೆಸರು ಹಾಕುತ್ತಾರೆ. ಕೆಲಸ ಹುಡುಕುತ್ತಿರುವವರು ‘ನೀವು ಹೋಗ್ಬನ್ನಿ, ನಂಗೆ ಸೋಮವಾರ ಇಂಟರ್‌ವ್ಯೂ ಇದೆ’ ಎಂದು ಬರೆದು ಸುಮ್ಮನಾಗುತ್ತಾರೆ. ಇಂಟರ್‌ವ್ಯೂ ಇರುತ್ತದೋ ಇಲ್ಲವೋ, ಜೇಬು ಖಾಲಿ ಇರುವುದಂತೂ ನಿಜ.

ಗವಿಪುರಂನಲ್ಲಿ ರೂಮು ಮಾಡಿಕೊಂಡಿರುವ ನಮ್ಮ ನಾಲ್ವರ ಗುಂಪಿನಲ್ಲೂ ಇದೇ ಕಥೆ. ಇಬ್ಬರಿಗೆ ಸಂಬಳ ಬರುತ್ತದೆ, ಇಬ್ಬರಿಗಿಲ್ಲ. ಕೊನೆಗೊಂದು ಒಪ್ಪಂದಕ್ಕೆ ಬಂದೆವು. ವಾರಕ್ಕೊಂದು ಜಾಗಕ್ಕೆ ಹೋಗುವುದು. ಅಲ್ಲಿ ಕಣ್ಣೆದುರೇ ಏನಾದರೂ ಹುರಿಯುತ್ತಿರಬೇಕು, ಇಲ್ಲವೇ ಕುದಿಯುತ್ತಿರಬೇಕು. ಅದನ್ನು ಯಾರು, ಹೇಗೆ ಮಾಡುತ್ತಾರೆ ಎಂದು ಕೇಳಿ ತಿಳಿದ ಮೇಲೆಯೇ ಲೋಟ ಎತ್ತಬೇಕು. ಕಾಫಿಯಾದರೂ ಸರಿ, ಬಿಯರ್ ಆದರೂ ಸರಿ. ಕೆಲವು ತಿಂಗಳ ಈ ಸುತ್ತಾಟದಲ್ಲಿ ನಾಲಿಗೆಗೆ ಸಿಕ್ಕಿದ್ದಕ್ಕಿಂತ ತಲೆಗೆ ಸಿಕ್ಕಿದ್ದೇ ಹೆಚ್ಚು.

ಬಜಾರಿನ ಹುರಿಗಡಾಯಿ

ಗವಿಪುರಂ ಎಂದರೆ ಹೊರಗಿನವರಿಗೆ ಗವಿ ಗಂಗಾಧರೇಶ್ವರ. ಸಂಕ್ರಾಂತಿಯ ಸಂಜೆ ನಂದಿಯ ಕೊಂಬುಗಳ ನಡುವಿನಿಂದ ಸೂರ್ಯನ ಕಿರಣ ಒಳಗೆ ಹಾಯುವುದನ್ನು ನೋಡಲು ಊರಿಗೆ ಊರೇ ಬರುತ್ತದೆ. ಸಾಹಿತ್ಯ ಓದುವವರಿಗೆ ಇದು ಮಾಸ್ತಿ ವೆಂಕಟೇಶ ಅಯ್ಯಂಗಾರರು ಬದುಕಿದ ಬಡಾವಣೆ. ನಮ್ಮಂಥವರಿಗೆ ಮಾತ್ರ ಇದು ಗಾಂಧಿ ಬಜಾರಿಗೆ ನಡೆದೇ ಹೋಗಬಹುದಾದ ಜಾಗ. ಬಸ್ಸಿನ ದುಡ್ಡು ಉಳಿಯುತ್ತದೆ, ಆ ದುಡ್ಡಿಗೆ ಕಾಫಿ ಬರುತ್ತದೆ.

ಬಜಾರಿನ ಸುತ್ತಮುತ್ತಲ ಕಾಫಿಪುಡಿ ಅಂಗಡಿಗಳ ವಿಳಾಸವನ್ನು ಯಾರೂ ಹೇಳಬೇಕಿಲ್ಲ, ಮೂಗೇ ಹೇಳುತ್ತದೆ. ಗೋಡೆಯ ಮೇಲೆ ದರಪಟ್ಟಿ: ಪ್ಲಾಂಟೇಷನ್ ‘ಎ’, ಪೀಬರಿ, ರೋಬಸ್ಟಾ, ಚಿಕೋರಿ. ಇಷ್ಟು ದಿನ ಇವನ್ನು ಬ್ರ್ಯಾಂಡಿನ ಹೆಸರುಗಳೆಂದೇ ನಾವು ಅಂದುಕೊಂಡಿದ್ದೆವು.

‘ಅಣ್ಣಾ, ಪೀಬರಿ ಅಂದ್ರೆ ಬೇರೆ ಜಾತಿ ಗಿಡಾನಾ?’

‘ಇಲ್ಲಪ್ಪಾ, ಅದೇ ಗಿಡ, ಅದೇ ಹಣ್ಣು. ಒಂದು ಹಣ್ಣಲ್ಲಿ ಎರಡು ಬೀಜ ಎದುರುಬದುರು ಇರ್ತವೆ, ಅದಕ್ಕೇ ಒಂದು ಮಗ್ಗುಲು ಚಪ್ಪಟೆ. ಕೆಲವು ಹಣ್ಣಲ್ಲಿ ಒಂದೇ ಬೀಜ ಬೆಳೆಯುತ್ತೆ. ಜಾಗ ಸಿಕ್ತು ನೋಡು, ದುಂಡಗಾಗುತ್ತೆ. ಅದೇ ಪೀಬರಿ.’

ಒಂದು ಪ್ರಶ್ನೆ ಕೇಳಿದರೆ ಹತ್ತು ಸಂಗತಿ ಹೊರಬರುತ್ತವೆ. ಪ್ಲಾಂಟೇಷನ್ ಎಂದರೆ ಹಣ್ಣಿನ ಸಿಪ್ಪೆ ಸುಲಿದು, ತೊಳೆದು ಒಣಗಿಸಿದ ಅರೇಬಿಕಾ. ಹಣ್ಣನ್ನು ಹಾಗೇ ಕಣದಲ್ಲಿ ಒಣಗಿಸಿದರೆ ಅದು ಚೆರ್‍ರಿ. ಅರೇಬಿಕಾದಿಂದ ಘಮ, ರೋಬಸ್ಟಾದಿಂದ ಕಹಿ ಮತ್ತು ಗಟ್ಟಿತನ. ಹುರಿಯುವಾಗ ಬಿಸಿ ಸುಮಾರು 200 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ಬೀಜ ಚಟಪಟ ಸಿಡಿಯುತ್ತದೆ. ಅಲ್ಲಿಂದ ಮುಂದೆ ಪ್ರತಿ ನಿಮಿಷವೂ ರುಚಿ ಬದಲಿಸುತ್ತದೆ. ಬೇಗ ಇಳಿಸಿದರೆ ಹುಳಿ ಉಳಿಯುತ್ತದೆ, ತಡವಾದರೆ ಕಹಿಯಾಗುತ್ತದೆ. ನೀರಿನಂಶ ಆರಿ, ಒಂದು ಕಿಲೋ ಹಸಿ ಬೀಜ ಹುರಿದ ಮೇಲೆ 800ರಿಂದ 850 ಗ್ರಾಮಿಗೆ ಇಳಿಯುತ್ತದೆ. ಹಸಿ ಬೀಜದ ಬೆಲೆಗೂ ಪುಡಿಯ ಬೆಲೆಗೂ ಇರುವ ಅಂತರದಲ್ಲಿ ಈ ಲೆಕ್ಕವೂ ಸೇರಿದೆ.

ಇನ್ನು ಚಿಕೋರಿ. ಅದು ಕಾಫಿಯೇ ಅಲ್ಲ, ಒಂದು ಗಿಡದ ಬೇರು. ಹುರಿದು ಪುಡಿ ಮಾಡಿ ಬೆರೆಸಿದರೆ ಡಿಕಾಕ್ಷನ್‌ಗೆ ಬಣ್ಣವೂ ಮಂದವೂ ಬರುತ್ತದೆ, ಖರ್ಚೂ ಇಳಿಯುತ್ತದೆ. ಅದರಲ್ಲಿ ಕೆಫೀನ್ ಇಲ್ಲ. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ಕನಿಷ್ಠ ಶೇ 51ರಷ್ಟಿರಬೇಕು, ಎಷ್ಟು ಬೆರೆಸಿದೆ ಎಂಬುದನ್ನು ಪೊಟ್ಟಣದ ಮೇಲೆ ಬರೆಯಬೇಕು ಎನ್ನುತ್ತದೆ ಆಹಾರ ಕಾನೂನು. ಮನೆಯಲ್ಲಿರುವ ಪೊಟ್ಟಣವನ್ನು ಒಮ್ಮೆ ತಿರುಗಿಸಿ ನೋಡಿ. ‘ರಾತ್ರಿಯೆಲ್ಲ ಓದಬೇಕು’ ಎಂದು ಕುಡಿಯುವ ಕಾಫಿಯಲ್ಲಿ ನಿದ್ದೆಗೆಡಿಸುವ ಪಾಲೆಷ್ಟು ಎಂಬುದು ಅಲ್ಲಿದೆ. ನಮ್ಮ ಬಜೆಟ್ಟಿಗೆ 200 ಗ್ರಾಮ್, ಶೇ 20ರ ಚಿಕೋರಿ ಎಂದು ಹೇಳಿ ಕಣ್ಣೆದುರೇ ಬೀಸಿಸಿಕೊಂಡೆವು. ಬಿಸಿ ಪುಡಿಯ ಆ ಪೊಟ್ಟಣ ಎದೆಗವಚಿಕೊಂಡು ನಡೆದ ದಾರಿಯಲ್ಲಿ ಎಷ್ಟು ಜನ ತಿರುಗಿ ನೋಡಿದರೋ!

ಬೀಜದ ಹಿಂದೆ ಇನ್ನೂ ದೂರ ಹೋದರೆ ಚಿಕ್ಕಮಗಳೂರಿನ ಗಿರಿ ಸಿಗುತ್ತದೆ. 17ನೇ ಶತಮಾನದಲ್ಲಿ ಬಾಬಾ ಬುಡನ್ ಯೆಮನ್‌ನಿಂದ ಏಳು ಬೀಜ ತಂದು ಅಲ್ಲಿ ನೆಟ್ಟರು ಎಂಬುದು ಪ್ರತೀತಿ. ಇಂದು ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಕರ್ನಾಟಕದ್ದು. ಕೊಡಗು, ಚಿಕ್ಕಮಗಳೂರು ಮತ್ತು ಬಾಬಾಬುಡನ್‌ಗಿರಿಯ ಅರೇಬಿಕಾಗೆ 2019ರಲ್ಲಿ ಜಿ.ಐ. ಮಾನ್ಯತೆಯೂ ಸಿಕ್ಕಿದೆ.

ನಿಂತು ಕುಡಿವ ಸುಖ

ಹುರಿದದ್ದು ಇಳಿಯುವುದು ಹೋಟೆಲಿನ ಫಿಲ್ಟರಿನಲ್ಲಿ. ಈ ಭಾಗದ ಹಳೆಯ ಹೋಟೆಲುಗಳ ಇಸವಿಗಳನ್ನು ಜೋಡಿಸಿದರೆ ಒಂದು ಚರಿತ್ರೆಯೇ ಆಗುತ್ತದೆ. ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. 1924ರಲ್ಲಿ ಶುರುವಾದಾಗ ಅದರ ಹೆಸರು ‘ಬ್ರಾಹ್ಮಿನ್ಸ್ ಕಾಫಿ ಕ್ಲಬ್’. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರದು. ವಿದ್ಯಾರ್ಥಿಗಳಿಗಾಗಿಯೇ ಹುಟ್ಟಿದ ಹೋಟೆಲು ಎಂಬುದನ್ನು ಹೆಸರೇ ಹೇಳುತ್ತದೆ. ಗೋಡೆಯ ಮೇಲೆ ಕನ್ನಡ ಸಾಹಿತಿಗಳು, ತಟ್ಟೆಯಲ್ಲಿ ಗರಿಗರಿ ಮಸಾಲೆ ದೋಸೆ. ಅದೂ ಒಂದು ‘ರೋಸ್ಟ್’ ಎಂದು ನಮ್ಮ ಗುಂಪು ಸರ್ವಾನುಮತದಿಂದ ತೀರ್ಮಾನಿಸಿದೆ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರದು. ಅಲ್ಲಿ ಇಡ್ಲಿಗೆ ಚಟ್ನಿ ಮಾತ್ರ, ಸಾಂಬಾರ್ ಕೇಳುವ ಹಾಗಿಲ್ಲ.

ಆ ಹಳೆಯ ಬೋರ್ಡುಗಳಲ್ಲಿದ್ದ ಜಾತಿಯ ಹೆಸರನ್ನು ನಾವು ಓದಿಯೂ ಓದದಂತೆ ಮುಂದೆ ಹೋಗುತ್ತೇವೆ. ಯಾರ ಪಕ್ಕ ಯಾರು ಕೂರಬೇಕು ಎಂಬ ಪ್ರಶ್ನೆ ಹೋಟೆಲಿನಲ್ಲೂ ದೊಡ್ಡದಾಗಿದ್ದ ಕಾಲದ ಗುರುತು ಅದು. ಆ ಪ್ರಶ್ನೆಯನ್ನು ಮರೆಸಿದ್ದರಲ್ಲಿ ಒಂದು ಪಾಲು, ಕೂರುವುದನ್ನೇ ತೆಗೆದುಹಾಕಿದ ದರ್ಶಿನಿಗಳದು ಎನಿಸುತ್ತದೆ. 1983ರಲ್ಲಿ ಆರ್. ಪ್ರಭಾಕರ್ ಅವರ ಯೋಜನೆಯಂತೆ ಜಯನಗರದಲ್ಲಿ ‘ಕೆಫೆ ದರ್ಶಿನಿ’ ಶುರುವಾಯಿತು. ಕುರ್ಚಿಯಿಲ್ಲ, ಸಪ್ಲೈಯರ್ ಇಲ್ಲ, ಟಿಪ್ಸ್ ಇಲ್ಲ. ಚೀಟಿ ತೆಗೆದುಕೊಂಡು, ತಿಂಡಿ ಪಡೆದು, ಎತ್ತರದ ಮೇಜಿನ ಮುಂದೆ ನಿಂತು ತಿನ್ನುವುದು. ಅಡುಗೆಮನೆ ಕಣ್ಣೆದುರೇ. ಇವತ್ತು ಯಾವ ದರ್ಶಿನಿಗೆ ಹೋದರೂ ಒಂದೇ ಮೇಜಿನ ಸುತ್ತ ಹೈಕೋರ್ಟ್ ವಕೀಲರು, ಆಟೊ ಚಾಲಕರು, ರೆಸ್ಯೂಮೆ ಹಿಡಿದ ನಾವು. ಅದರ ಮೇಲೆ ‘ಬೈ ಟು’ ಎಂಬ ಮಹಾ ಸಂಶೋಧನೆ. ಒಂದು ಕಾಫಿಯನ್ನು ಇಬ್ಬರು ಹಂಚಿಕೊಳ್ಳುವುದು ಬಡತನವಲ್ಲ, ಸ್ನೇಹ ಎಂದು ಬೆಂಗಳೂರು ಎಂದೋ ಒಪ್ಪಿಬಿಟ್ಟಿದೆ.

ದಂಡಿನ ಬಿಯರ್

ಗವಿಪುರಂ ಸುತ್ತಮುತ್ತ ಕಾಫಿಯ ಘಮ, ಎಂ.ಜಿ. ರಸ್ತೆ ಕಡೆ ಬಿಯರಿನ ಘಮ. ಇದು ಹೇಗೆ ಹಂಚಿಕೆಯಾಯಿತು? ಉತ್ತರ ನಕ್ಷೆಯಲ್ಲಿದೆ. 1809ರಲ್ಲಿ ಬ್ರಿಟಿಷರು ತಮ್ಮ ದಂಡನ್ನು ಪೇಟೆಯ ಪೂರ್ವಕ್ಕೆ ತಂದು ನಿಲ್ಲಿಸಿದರು. ಈ ಕಡೆ ಪೇಟೆ ಇತ್ತು. 1898ರ ಪ್ಲೇಗಿನ ನಂತರ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳೂ ಎದ್ದವು. ಆ ಕಡೆ ದಂಡು. ಎರಡಕ್ಕೂ ಬೇರೆ ಬೇರೆ ಪುರಸಭೆ. ಅವು ಒಂದಾಗಿ ಮಹಾನಗರ ಪಾಲಿಕೆಯಾದದ್ದು 1949ರಲ್ಲಿ. ಪೇಟೆಯ ಕಡೆ ಫಿಲ್ಟರ್ ಇಳಿಯಿತು, ದಂಡಿನ ಕಡೆ ಸೈನಿಕರಿಗಾಗಿ ಬಿಯರ್ ಕುದಿಯಿತು.

1915ರಲ್ಲಿ ಥಾಮಸ್ ಲೀಷ್‌ಮನ್ ಎಂಬ ಸ್ಕಾಟ್ಲೆಂಡಿನವರು ದಕ್ಷಿಣ ಭಾರತದ ಐದು ಬ್ರೂವರಿಗಳನ್ನು ಒಂದುಗೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದರು. 1947ರಲ್ಲಿ ವಿಠ್ಠಲ ಮಲ್ಯ ಅದರ ಮೊದಲ ಭಾರತೀಯ ನಿರ್ದೇಶಕರಾದರು. ಗ್ರ್ಯಾಂಟ್ ರಸ್ತೆ ಈಗ ವಿಠ್ಠಲ ಮಲ್ಯ ರಸ್ತೆ. ಅಲ್ಲಿ ಗಗನಚುಂಬಿಯಾಗಿ ನಿಂತಿರುವ ಯು.ಬಿ. ಸಿಟಿ ಕಂಪನಿಯ ಹಳೆಯ ಬ್ರೂವರಿ ಇದ್ದ ನೆಲದ ಮೇಲೇ ಎದ್ದದ್ದು. ಎಂಬತ್ತರ ದಶಕದಲ್ಲಿ ಚರ್ಚ್ ಸ್ಟ್ರೀಟ್, ಬ್ರಿಗೇಡ್ ರಸ್ತೆಯ ಆಸುಪಾಸಿನಲ್ಲಿ ಪಬ್ಬುಗಳು ಒಂದೊಂದಾಗಿ ತೆರೆದವು. 1989ರ ಪೆಕೋಸ್ ಇವತ್ತಿಗೂ ಇದೆ. ಊರಿಗೆ ‘ಪಬ್ ಸಿಟಿ’ ಎಂಬ ಬಿರುದು ಬಂದದ್ದು ಹಾಗೆ. ಆಮೇಲಿನದು ಮೈಕ್ರೊಬ್ರೂವರಿಗಳ ಕಾಲ. 2010ರಲ್ಲಿ ಇಂದಿರಾನಗರದ ಟಾಯ್ಟ್, 2011ರಲ್ಲಿ ಬಿಯರ್ ಕ್ಲಬ್, ಮರುವರ್ಷ ಆರ್ಬರ್.

ಇಂಥದ್ದೊಂದು ಜಾಗದಲ್ಲಿ ಗಾಜಿನ ಗೋಡೆಯಾಚೆ ಸ್ಟೀಲಿನ ದೊಡ್ಡ ಹಂಡೆಗಳನ್ನು ತೋರಿಸುತ್ತ ಅಲ್ಲಿನವರು ವಿವರಿಸಿದಾಗ ನಮಗೆ ಏನೂ ಹೊಸದೆನಿಸಲಿಲ್ಲ. ನಮ್ಮ ಮನೆಗಳಲ್ಲಿ ರಾಗಿ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ ಮಾಲ್ಟ್ ಮಾಡುತ್ತಾರಲ್ಲ, ಬಾರ್ಲಿಗೂ ಅದೇ ಉಪಚಾರ. ಆ ಮಾಲ್ಟನ್ನು ಬಿಸಿನೀರಿನಲ್ಲಿ ನೆನೆಸಿ ಸಿಹಿ ಇಳಿಸುತ್ತಾರೆ. ಕಹಿಗೆ, ಪರಿಮಳಕ್ಕೆ ಹಾಪ್ಸ್ ಎಂಬ ಬಳ್ಳಿಯ ಹೂ ಹಾಕಿ ಕುದಿಸುತ್ತಾರೆ. ತಣಿಸಿ ಯೀಸ್ಟ್ ಬೆರೆಸಿ ಹುದುಗಲು ಬಿಡುತ್ತಾರೆ. ದೋಸೆಹಿಟ್ಟಿಗೆ ಒಂದು ರಾತ್ರಿ ಸಾಕು, ಇದಕ್ಕೆ ವಾರಗಳೇ ಬೇಕು. ಕಪ್ಪು ಸ್ಟೌಟ್‌ನ ಬಣ್ಣ ಎಲ್ಲಿಂದ ಬರುತ್ತದೆ ಗೊತ್ತೇ? ಕಡುವಾಗಿ ಹುರಿದ ಮಾಲ್ಟಿನಿಂದ. ಅದರಲ್ಲಿ ಕಾಫಿಯ ವಾಸನೆ ಬರುವುದೂ ಅದಕ್ಕೇ. ಗಾಂಧಿ ಬಜಾರಿನ ಗಡಾಯಿಯಲ್ಲೂ ಇಲ್ಲಿಯ ಮಾಲ್ಟಿನಲ್ಲೂ ನಡೆದಿರುವುದು ಒಂದೇ ಬೆಂಕಿಯ ಕೆಲಸ. ಸಾರ ಇಳಿಸಿಕೊಂಡ ಬಾರ್ಲಿಯ ಚರಟ ಹಸುಗಳಿಗೆ ಮೇವಾಗುತ್ತದೆ, ಕಾಫಿಯ ಚರಟ ಮನೆಯ ಗುಲಾಬಿ ಗಿಡಕ್ಕೆ ಹೋಗುವ ಹಾಗೆ.

ನಾಲ್ವರೂ ಸೇರಿ ರುಚಿ ನೋಡಲೆಂದು ಕೊಡುವ ಪುಟ್ಟ ಗ್ಲಾಸುಗಳ ಒಂದು ಸಾಲು ತರಿಸಿದೆವು. ಒಬ್ಬ ಕುಡಿಯುವುದಿಲ್ಲ. ಅವನ ಪಾಲಿಗೆ ನಿಂಬೆ ಸೋಡಾ. ಯಾರೂ ಒತ್ತಾಯಿಸಲಿಲ್ಲ, ಯಾರೂ ತಮಾಷೆ ಮಾಡಲಿಲ್ಲ. ಹೋಗುವವರು ನೆನಪಿಡಬೇಕಾದ್ದು ಎರಡು: 21 ತುಂಬದವರಿಗೆ ಮದ್ಯ ಮಾರುವುದನ್ನು ರಾಜ್ಯದ ಅಬಕಾರಿ ನಿಯಮಗಳು ನಿಷೇಧಿಸುತ್ತವೆ; ಕುಡಿದ ಮೇಲೆ ಗಾಡಿ ಮುಟ್ಟಬಾರದು. ಇಂದಿರಾನಗರದಿಂದ ನ್ಯಾಷನಲ್ ಕಾಲೇಜಿಗೆ ಮೆಟ್ರೊ ಇದೆ.

ಕೆಲಸ ಹೋದವರು ಕಟ್ಟಿದ್ದು

ಈ ಸುತ್ತಾಟದಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಚರ್ಚ್ ಸ್ಟ್ರೀಟಿನ ಇಂಡಿಯನ್ ಕಾಫಿ ಹೌಸ್. ಬಿಳಿ ಸಮವಸ್ತ್ರ, ತಲೆಗೆ ರುಮಾಲು, ಸೊಂಟಕ್ಕೆ ಪಟ್ಟಿ ಕಟ್ಟಿದ ಸಿಬ್ಬಂದಿ. 2009ರವರೆಗೆ ಇದು ಎಂ.ಜಿ. ರಸ್ತೆಯಲ್ಲಿತ್ತು. ಐವತ್ತರ ದಶಕದಲ್ಲಿ ಕಾಫಿ ಬೋರ್ಡ್ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಲು ಹೊರಟಾಗ ಕೆಲಸ ಕಳೆದುಕೊಂಡವರು ಬೀದಿಗೆ ಬಿದ್ದರು. ಕಾರ್ಮಿಕ ನಾಯಕ ಎ.ಕೆ. ಗೋಪಾಲನ್ ಅವರ ಒತ್ತಾಸೆಯಿಂದ ಅವರೇ ಸಹಕಾರ ಸಂಘ ಕಟ್ಟಿಕೊಂಡರು. ಇಂಥ ಮೊದಲ ಸಂಘ ಸ್ಥಾಪನೆಯಾದದ್ದು 1957ರ ಆಗಸ್ಟ್ 19ರಂದು, ನಮ್ಮ ಬೆಂಗಳೂರಿನಲ್ಲಿ. ನಿನ್ನೆಯ ಸಪ್ಲೈಯರ್‌ಗಳೇ ಇಂದು ಮಾಲೀಕರು. ಇ–ಮೇಲ್‌ನಲ್ಲಿ ‘ವಿ ರಿಗ್ರೆಟ್’ ನೋಡಿ ನೋಡಿ ಸುಸ್ತಾದವರು ಒಮ್ಮೆ ಅಲ್ಲಿ ಕೂತು ಕಾಫಿ ಕುಡಿಯಬೇಕು. ಲೋಟದೊಳಗೊಂದು ಧೈರ್ಯ ಇದೆ.

ಹುರಿಯುವುದನ್ನೂ ಇಳಿಸುವುದನ್ನೂ ಕಸುಬಾಗಿ ಕಲಿಯುವ ದಾರಿಗಳೂ ಇಲ್ಲೇ ಇವೆ. ಬೆಂಗಳೂರಿನ ಕಾಫಿ ಬೋರ್ಡ್ ‘ಕಾಪಿ ಶಾಸ್ತ್ರ’ ಎಂಬ ಅಲ್ಪಾವಧಿ ತರಬೇತಿ ನಡೆಸುತ್ತದೆ. ಪದವೀಧರರಿಗೆ ಕಾಫಿ ಗುಣಮಟ್ಟ ನಿರ್ವಹಣೆಯ ಸ್ನಾತಕೋತ್ತರ ಡಿಪ್ಲೊಮಾ ಇದೆ. ಅದರ ಒಂದು ಭಾಗ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಲ್ಲಿ, ತೋಟದ ನಡುವೆಯೇ. ಕಾಫಿಯ ರುಚಿ ಅಳೆಯುವವರು, ಹದವಾಗಿ ಹುರಿಯುವವರು, ಬರಿಸ್ತಾಗಳು ಬೆಳೆಯುತ್ತಿರುವ ರೋಸ್ಟರಿಗಳಿಗೂ ಕೆಫೆಗಳಿಗೂ ಬೇಕು. ಮೈಕ್ರೊಬಯಾಲಜಿ ಅಥವಾ ಆಹಾರ ತಂತ್ರಜ್ಞಾನ ಓದಿದವರಿಗೆ ಬ್ರೂವರಿಯ ಹುದುಗಿನ ಹಂಡೆಯೂ ಒಂದು ಪ್ರಯೋಗಾಲಯವೇ. ‘ಐ.ಟಿ. ಬಿಟ್ಟರೆ ಬೆಂಗಳೂರಲ್ಲಿ ಏನಿದೆ’ ಎನ್ನುವ ಮುನ್ನ ಇವನ್ನೂ ಪಟ್ಟಿಗೆ ಸೇರಿಸಬಹುದು.

ಯೋಚಿಸಿದರೆ ಎರಡೂ ಲೋಟಗಳು ಒಂದು ಕಾಲಕ್ಕೆ ಎಲ್ಲರದೂ ಆಗಿರಲಿಲ್ಲ. ಒಂದರ ಬಾಗಿಲಲ್ಲಿ ಜಾತಿ ನಿಂತಿತ್ತು, ಇನ್ನೊಂದರ ಬಾಗಿಲಲ್ಲಿ ಬಿಳಿಯ ದಂಡು. ಇಂದು ಆ ಜಾಗದಲ್ಲಿ ಬಿಲ್ಲು ನಿಂತಿದೆ. ಒಂದು ಗ್ಲಾಸಿನ ದುಡ್ಡಿನಲ್ಲಿ ಹಲವು ದಿನ ಮೂರು ಹೊತ್ತು ಉಣ್ಣಬಹುದಾದ ಜಾಗಕ್ಕೆ ಹೋಗಲಾಗದವರು ತಾವು ಈ ಊರಿನವರೇ ಅಲ್ಲವೇನೋ ಎಂದು ಕುಗ್ಗುವುದುಂಟು. ಊರು ನಮ್ಮದಾಗುವುದು ಎಷ್ಟು ಖರ್ಚು ಮಾಡಿದೆವು ಎಂಬುದರಿಂದಲ್ಲ. ಲೋಟದಲ್ಲಿರುವುದನ್ನು ಬೆಳೆದವರು ಯಾರು, ಹುರಿದವರು ಯಾರು, ಇಳಿಸಿದವರು ಯಾರು ಎಂದು ಕೇಳುವಷ್ಟು ಕುತೂಹಲ ಇದ್ದರೆ ಸಾಕು. ಕೇಳಿದವರಿಗೆ ‘ಇಲ್ಲ’ ಎಂದವರನ್ನು ನಾವಿನ್ನೂ ಕಂಡಿಲ್ಲ, ಗಾಂಧಿ ಬಜಾರಿನಲ್ಲೂ ಇಲ್ಲ, ಇಂದಿರಾನಗರದಲ್ಲೂ ಇಲ್ಲ. ಹಾಗಾಗಿ ಈ ಶನಿವಾರ ಗುಂಪಿನಲ್ಲಿ ಪ್ರಶ್ನೆ ಬಂದಾಗ ಸುಳ್ಳು ಇಂಟರ್‌ವ್ಯೂ ಹೇಳಿ ತಪ್ಪಿಸಿಕೊಳ್ಳಬೇಡಿ. ‘ನಡೀರಿ, ಬೈ ಟು ನಾನು ಕೊಡಿಸ್ತೀನಿ’ ಎನ್ನಿ. ಅಷ್ಟು ದುಡ್ಡು ಎಲ್ಲರ ಜೇಬಲ್ಲೂ ಇರುತ್ತದೆ.