ಕಾಯಬಲ್ಲ ತೊಗರಿ, ಕಾಯಲಾರದ ಕಬ್ಬು

ಬೀದರ್ ಜಿಲ್ಲೆಯ ಕೊಹಿನೂರ ಹೋಬಳಿಯ ರೈತ ಒಂದು ಹೊಲದಲ್ಲಿ ತೊಗರಿ, ಬಾವಿಯ ಪಕ್ಕದ ಇನ್ನೊಂದರಲ್ಲಿ ಕಬ್ಬು ಬೆಳೆದನೆನ್ನಿ. ಮಾರುವ ಹೊತ್ತಿಗೆ ಅವನ ಮಾತಿನ ಧಾಟಿಯೇ ಬೇರೆಬೇರೆ. ತೊಗರಿಗೆ ಬಸವಕಲ್ಯಾಣದಲ್ಲಿ ದರ ಕೇಳುತ್ತಾನೆ, ಹುಮನಾಬಾದಿಗೆ ಫೋನು ಹಚ್ಚುತ್ತಾನೆ, ಕಲಬುರಗಿಯ ದಾಲ್‌ಮಿಲ್ಲುಗಳ ಸುದ್ದಿ ತಿಳಿದುಕೊಳ್ಳುತ್ತಾನೆ. ಸರಿಬರದಿದ್ದರೆ ಚೀಲಗಳು ಪಡಸಾಲೆಯಲ್ಲೇ ಉಳಿಯುತ್ತವೆ. ಕಬ್ಬಿಗೆ ಹಾಗಲ್ಲ. ಅಲ್ಲಿ ಸಕ್ಕರೆ ಕಾರ್ಖಾನೆಯವರನ್ನು ಕೇಳುವ ಪ್ರಶ್ನೆ ಒಂದೇ: ‘ಸಾಹೇಬ್ರ, ಕಟಾವು ಗ್ಯಾಂಗ್ ಯಾವಾಗ ಕಳಸ್ತೀರಿ?’

ಕಾಗದದ ಮೇಲೆ ನೋಡಿದರೆ ಎರಡೂ ಒಪ್ಪಿಗೆಯ ವ್ಯವಹಾರವೇ. ಲಿಬರ್ಟೇರಿಯನ್ ಚಿಂತಕರಿಗೆ ಒಪ್ಪಿಗೆಯೇ ಮೂಲಮಂತ್ರ. ಬಲಾತ್ಕಾರ, ಮೋಸ ಇಲ್ಲದೆ ಇಬ್ಬರು ಕೂಡಿ ಮಾಡಿಕೊಂಡ ವ್ಯವಹಾರದಲ್ಲಿ ಸರ್ಕಾರ ಕೈಹಾಕಬಾರದು. ಕಳ್ಳತನ ತಡೆಯುವುದು, ಕರಾರು ಪಾಲಿಸುವಂತೆ ನೋಡಿಕೊಳ್ಳುವುದು, ಇಷ್ಟೇ ಅದರ ಕೆಲಸ. ಹಾರ್ವರ್ಡಿನ ರಾಬರ್ಟ್ ನೋಜಿಕ್ 1974ರ ‘ಅನಾರ್ಕಿ, ಸ್ಟೇಟ್ ಅಂಡ್ ಯುಟೋಪಿಯಾ’ದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ನನ್ನ ಮುಂದೆ ಉಳಿದಿರುವುದು ಒಂದೇ ದಾರಿಯಾದರೂ, ಉಳಿದವರು ತಮ್ಮ ತಮ್ಮ ಹಕ್ಕಿನೊಳಗೇ ನಡೆದುಕೊಂಡು ಆ ಸ್ಥಿತಿ ಬಂದಿದ್ದರೆ ನನ್ನ ಆಯ್ಕೆ ಸ್ವಯಂಪ್ರೇರಿತವೇ ಎಂಬುದು ಅವರ ವಾದ. ಕಠಿಣವಾದ ಮಾತು. ಆದರೆ ಅದರಲ್ಲೊಂದು ಷರತ್ತಿದೆ. ಕಬ್ಬಿನ ಲೆಕ್ಕದಲ್ಲಿ ಅದು ಮುಖ್ಯ.

ಮೊದಲು ಗಿಡಗಳ ವಿಚಾರ. ಒಣಗಿದ ತೊಗರಿಯಲ್ಲಿ ತೇವಾಂಶ ಶೇ 12ರ ಆಸುಪಾಸಿಗೆ ಇಳಿದಿರುತ್ತದೆ. ಆ ಒಣಕಲಿನಲ್ಲಿ ಕಾಳಿನೊಳಗಿನ ಕಿಣ್ವಗಳು ಹೆಚ್ಚುಕಡಿಮೆ ನಿದ್ದೆಹೋಗುತ್ತವೆ, ಬೂಷ್ಟು ಬೆಳೆಯಲು ನೀರಿಲ್ಲ. ನುಸಿಯ ಕಾಟವೊಂದನ್ನು ತಡೆದರೆ ತಿಂಗಳುಗಟ್ಟಲೆ ಇಡಬಹುದು. ಕಬ್ಬಿನ ತೂಕದಲ್ಲಾದರೆ ಶೇ 70ರಷ್ಟು ನೀರೇ. ಬೇರಿನಿಂದ ಬೇರ್ಪಟ್ಟ ಗಳಿಗೆಯಿಂದ ಜಲ್ಲೆ ಒಣಗತೊಡಗುತ್ತದೆ, ಜೊತೆಗೆ ಒಳಗಿನ ಇನ್ವರ್ಟೇಸ್ ಎಂಬ ಕಿಣ್ವ ಸುಕ್ರೋಸನ್ನು ಗ್ಲೂಕೋಸ್, ಫ್ರಕ್ಟೋಸ್‌ಗಳಾಗಿ ಒಡೆಯುತ್ತ ಹೋಗುತ್ತದೆ. ಇವೂ ಸಿಹಿಯೇ, ಆದರೆ ಕಾರ್ಖಾನೆಯ ಕಡಾಯಿಯಲ್ಲಿ ಹರಳುಗಟ್ಟುವುದಿಲ್ಲ, ಕಾಕಂಬಿಯ ಪಾಲಾಗುತ್ತವೆ. ಕತ್ತರಿಸಿದ ತುದಿಯಿಂದ ಲ್ಯೂಕೊನಾಸ್ಟಾಕ್ ಬ್ಯಾಕ್ಟೀರಿಯಾ ಒಳಹೊಕ್ಕು ಸಕ್ಕರೆ ತಿಂದು ಡೆಕ್ಸ್ಟ್ರಾನ್ ಎಂಬ ಲೋಳೆ ಮಾಡುತ್ತದೆ. ಕಡಿದ 24 ಗಂಟೆಯೊಳಗೆ ಅರೆದರೆ ಒಳ್ಳೆಯದು ಎಂದು ಸಕ್ಕರೆ ತಂತ್ರಜ್ಞರು ಹೇಳುವುದು ಇದಕ್ಕೇ.

ಕಾರ್ಖಾನೆಯ ಅಂಗಳದಲ್ಲಿ ಟ್ರ್ಯಾಕ್ಟರುಗಳ ಸಾಲು ನಿಂತಿದ್ದಾಗ ಒಣಗುವುದು ರೈತನ ತೂಕ. ಅವನಿಗೆ ದುಡ್ಡು ಸಿಗುವುದು ಟನ್ನಿನ ಲೆಕ್ಕದಲ್ಲಿ. ಸಕ್ಕರೆ ಇಳುವರಿಯನ್ನು ಅವನೊಬ್ಬನ ಕಬ್ಬಿನಿಂದ ಅಳೆಯುವುದಿಲ್ಲ, ಇಡೀ ಕಾರ್ಖಾನೆಯ ಸರಾಸರಿ ಹಿಡಿಯುತ್ತಾರೆ.

ಈ ಅವಸರ ಚೌಕಾಸಿಯನ್ನೂ ಬದಲಿಸುತ್ತದೆ. ಗಣಿತಜ್ಞ ಜಾನ್ ನ್ಯಾಶ್ 1950ರಲ್ಲಿ ಚೌಕಾಸಿಯ ಬಗ್ಗೆ ಒಂದು ಪುಟ್ಟ ಪ್ರಬಂಧ ಬರೆದರು. ವ್ಯವಹಾರ ಮುರಿದುಬಿದ್ದರೆ ಯಾರ ಕೈಯಲ್ಲಿ ಏನು ಉಳಿಯುತ್ತದೆ ಎಂಬುದರ ಮೇಲೆ ಕೂಡಿದ ವ್ಯವಹಾರದ ಹಂಚಿಕೆ ನಿಂತಿರುತ್ತದೆ ಎಂದು ಅದರಿಂದ ತಿಳಿಯುತ್ತದೆ. ತೊಗರಿಯವನ ವ್ಯವಹಾರ ಮುರಿದರೆ ತೊಗರಿ ಉಳಿಯುತ್ತದೆ. ಕಬ್ಬಿನವನದು ಮುರಿದರೆ ಉಳಿಯುವುದು ರವದಿ. ಹತ್ತಿರದಲ್ಲಿ ಬೆಲ್ಲದ ಗಾಣವಿದ್ದರೆ ‘ಒಲ್ಲೆ’ ಎನ್ನಲು ಅವನಿಗೂ ಸ್ವಲ್ಪ ಎದೆ ಬರುತ್ತದೆ. ಗಾಣ ಕೊಡುವ ದರ ಕಡಿಮೆಯಿದ್ದರೂ ಸರಿಯೆ.

ಇಲ್ಲಿಯವರೆಗೆ ದೋಷ ಪ್ರಕೃತಿಯದು. ನೋಜಿಕ್ ಆಗಿದ್ದರೆ ಕಾರ್ಖಾನೆಯವರದೇನೂ ತಪ್ಪಿಲ್ಲ ಎನ್ನುತ್ತಿದ್ದರು. ಆದರೆ 1966ರ ಕಬ್ಬು (ನಿಯಂತ್ರಣ) ಆದೇಶ ತೆಗೆದು ನೋಡಿ. ಇಂತಿಂಥ ಹಳ್ಳಿಗಳ ಕಬ್ಬು ಇಂಥ ಕಾರ್ಖಾನೆಗೇ ಎಂದು ಪ್ರದೇಶ ಮೀಸಲಿಡುವ ಅಧಿಕಾರ ಅದರಲ್ಲಿದೆ. 2006ರ ತಿದ್ದುಪಡಿಯಂತೆ ಒಂದು ಕಾರ್ಖಾನೆಯಿಂದ 15 ಕಿ.ಮೀ. ವ್ಯಾಪ್ತಿಯೊಳಗೆ ಇನ್ನೊಂದನ್ನು ಕಟ್ಟುವಂತಿಲ್ಲ. ರಾಜ್ಯಗಳು ಬೇಕಾದರೆ ಈ ದೂರವನ್ನು ಹೆಚ್ಚಿಸಲೂಬಹುದು. ಅಂದರೆ ಎರಡನೇ ಗಿರಾಕಿ ಬಾರದಂತೆ ಬಾಗಿಲು ಹಾಕಿದ್ದು ಕಾನೂನು. ಉಳಿದವರು ತಮ್ಮ ಹಕ್ಕಿನೊಳಗೆ ನಡೆದುಕೊಂಡಿರಬೇಕೆಂಬ ಷರತ್ತು ಇಲ್ಲಿ ಮುರಿದುಬಿತ್ತು. ನೋಜಿಕ್‌ರ ಅಳತೆಗೋಲಿನಿಂದಲೇ ಅಳೆದರೂ ಕಬ್ಬು ಬೆಳೆಗಾರನ ಸಹಿ ಪೂರ್ತಿ ಸ್ವಯಂಪ್ರೇರಿತವಲ್ಲ.

ಗಡಿಯಾಚೆ ಮಹಾರಾಷ್ಟ್ರದಲ್ಲಿ ಶೇತಕರಿ ಸಂಘಟನೆ ಕಟ್ಟಿದ ಶರದ್ ಜೋಶಿ ಬದುಕಿಡೀ ವಾದಿಸಿದ್ದು ಇದೇ ಜಾಡಿನಲ್ಲಿ: ರೈತನಿಗೆ ಸರ್ಕಾರದ ಕೃಪೆಗಿಂತ ಸರ್ಕಾರ ಹಾಕಿದ ಸಂಕೋಲೆ ಕಳಚುವುದು ಮುಖ್ಯ. ನಮ್ಮ ಕಡೆಯ ರೈತ ಮುಖಂಡ ಎಂ.ಡಿ. ನಂಜುಂಡಸ್ವಾಮಿ ಇದನ್ನು ಒಪ್ಪುತ್ತಿರಲಿಲ್ಲ. ಮುಕ್ತ ಮಾರುಕಟ್ಟೆಯ ಮೇಲಿನ ಅವರ ಗುಮಾನಿ ಪ್ರಸಿದ್ಧ. ಈ ಒಂದು ವಿಷಯದಲ್ಲಿ ನನ್ನ ಮತ ಜೋಶಿಯವರಿಗೆ. ಅದಕ್ಕೊಂದು ಪುರಾವೆ ಕಬ್ಬಿನಂತೆಯೇ ಬೇಗ ಕೆಡುವ ಇನ್ನೊಂದು ಸರಕಿನಿಂದ ಬಂದಿದೆ. 1997ರಿಂದ 2001ರ ನಡುವೆ ಕಾಸರಗೋಡು, ಕಣ್ಣೂರು, ಕೋಯಿಕ್ಕೋಡ್ ಕರಾವಳಿಗೆ ಮೊಬೈಲ್ ಬಂದಾಗ ದೋಣಿಯವರು ಕಡಲಲ್ಲೇ ನಿಂತು ಹಲವು ದಡಗಳ ದರ ಕೇಳತೊಡಗಿದರು. ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ ಆ ಕಾಲದ ಭೂತಾಯಿ ಮೀನಿನ ದರಗಳನ್ನು ಅಳೆದರು. ಮೀನುಗಾರರ ಲಾಭ ಸರಾಸರಿ ಶೇ 8 ಏರಿತ್ತು, ಕೊಳ್ಳುವವರಿಗೆ ಬೆಲೆ ಶೇ 4 ಇಳಿದಿತ್ತು, ಗಿರಾಕಿಯಿಲ್ಲದೆ ಕಡಲಿಗೆ ಸುರಿಯುವುದು ನಿಂತಿತ್ತು. ಫೋನು ಮೀನಿನ ಆಯುಸ್ಸನ್ನು ಹೆಚ್ಚಿಸಲಿಲ್ಲ. ಇನ್ನೊಬ್ಬ ಗಿರಾಕಿಯನ್ನು ತೋರಿಸಿತು, ಅಷ್ಟೆ.

ಹಾಗೆಂದು ಕಾನೂನಿನ ಈ ಬೇಲಿ ಕಿತ್ತ ಮರುದಿನವೇ ಕೊಹಿನೂರಿನಲ್ಲಿ ಕಾರ್ಖಾನೆಗಳು ಪೈಪೋಟಿಗೆ ಇಳಿಯುತ್ತವೆ ಎನ್ನಲಾಗದು. ಕಾರ್ಖಾನೆ ಕಟ್ಟಲು ನೂರಾರು ಕೋಟಿ ಬೇಕು. ಬಹುಪಾಲು ನೀರೇ ಆಗಿರುವ ಸರಕನ್ನು ದೂರ ಸಾಗಿಸಿದರೆ ಬಾಡಿಗೆಯೇ ಲಾಭವನ್ನು ನುಂಗುತ್ತದೆ. ಕೇಂದ್ರ ಗೊತ್ತುಮಾಡುವ ಕಬ್ಬಿನ ಕನಿಷ್ಠ ದರವಾದ ಎಫ್‌ಆರ್‌ಪಿ, 2025–26ರ ಹಂಗಾಮಿಗೆ ಶೇ 10.25 ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ, ಸದ್ಯಕ್ಕಂತೂ ಬೇಕೇ ಬೇಕು. ಕಬ್ಬು ಮುಟ್ಟಿದ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15 ಬಡ್ಡಿ ಎಂಬ 1966ರ ಅದೇ ಆದೇಶದ ನಿಯಮಕ್ಕೆ ಕಟ್ಟಾ ಲಿಬರ್ಟೇರಿಯನ್ನರೂ ತಕರಾರು ಎತ್ತಲಾರರು. ಕೊಂಡ ಸರಕಿನ ಹಣವನ್ನು ಹೊತ್ತಿಗೆ ಸರಿಯಾಗಿ ಕೊಡಿಸುವುದು ಅವರ ಚಿಕ್ಕ ಸರ್ಕಾರದ ಪಟ್ಟಿಯಲ್ಲೂ ಇದೆ.

ಸಕ್ಕರೆ ಉದ್ಯಮದ ನಿಯಂತ್ರಣಗಳನ್ನು ಪರಿಶೀಲಿಸಿದ ಸಿ. ರಂಗರಾಜನ್ ಸಮಿತಿ 2012ರಲ್ಲೇ ಪ್ರದೇಶ ಮೀಸಲಾತಿ, ಕನಿಷ್ಠ ದೂರ ಎರಡನ್ನೂ ಕೈಬಿಡಲು ಶಿಫಾರಸು ಮಾಡಿತು. ಜಾರಿಯ ಹೊಣೆ ರಾಜ್ಯಗಳಿಗೆ ಬಂತು. ಕರ್ನಾಟಕ 2013ರ ಕಾಯ್ದೆಯಲ್ಲಿ ಅದೇ ಸಮಿತಿಯ ಆದಾಯ ಹಂಚಿಕೆಯ ಸಲಹೆಯನ್ನು ಎತ್ತಿಕೊಂಡಿತು. ದೂರದ ಬೇಲಿಯನ್ನೂ ತೆಗೆಯಿರಿ ಎಂದು ಬೀದರ್ ಜಿಲ್ಲೆಯ ಶಾಸಕರನ್ನು ಕೇಳಬೇಕಾದವರು ಇಲ್ಲಿನ ಕಬ್ಬು ಬೆಳೆಗಾರರೇ.