‘ಕ್ಲಿಯರ್ ಕ್ಯಾಶ್’ ಒತ್ತುವ ಮುನ್ನ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಡೆಸ್ಕ್‌ಟಾಪ್ ಸಪೋರ್ಟ್ ನನ್ನ ಕೆಲಸ. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೂ ನನಗೇ ಫೋನು, ಪಾಸ್‌ವರ್ಡ್ ಮರೆತರೂ ನನಗೇ ಫೋನು. ಈಚೆಗೆ ಎಲ್ಲಕ್ಕಿಂತ ಹೆಚ್ಚಾಗಿ ಬರುವ ದೂರು ಆಫೀಸಿನ ಮೆಸೇಜಿಂಗ್ ಆ್ಯಪಿನದು. ‘ಮೇಡಂ, ಚಾಟ್ ಓಪನ್ನೇ ಆಗ್ತಿಲ್ಲ, ಗಿರಗಿರ ತಿರುಗ್ತಾನೇ ಇದೆ.’ ಸ್ಟೋರ್ಸ್‌ನವರು, ಡಿಸ್ಪ್ಯಾಚಿನವರು, ಅಕೌಂಟ್ಸ್‌ನವರು ಮಾತಾಡಿಕೊಳ್ಳುವುದೆಲ್ಲ ಈಗ ಅದರಲ್ಲೇ. ಇನ್‌ವಾಯ್ಸ್ ಸರಿಯಿದೆ ಎಂದು ಮೇಲಿನ ಮಹಡಿಯಿಂದ ಒಂದು ಮೆಸೇಜು ಇಳಿಯದಿದ್ದರೆ ಲೋಡಾದ ಲಾರಿ ಗೇಟಿನಲ್ಲೇ ನಿಂತಿರುತ್ತದೆ.

ಫೋನ್ ಮಾಡುವವರು ರೋಗದ ಜೊತೆ ಮದ್ದನ್ನೂ ತಾವೇ ಹೇಳುತ್ತಾರೆ. ‘ಕ್ಯಾಶ್ ಕ್ಲಿಯರ್ ಮಾಡಿಬಿಡಿ ಮೇಡಂ, ಸರಿಹೋಗತ್ತೆ.’ ಭಾವಮೈದ ಹೇಳಿಕೊಟ್ಟಿದ್ದೋ, ಯೂಟ್ಯೂಬಿನಲ್ಲಿ ನೋಡಿದ್ದೋ ಇರಬೇಕು. ಮದ್ದೇನೂ ಸುಳ್ಳಲ್ಲ, ಎಷ್ಟೋ ಸಲ ನಾಟುತ್ತದೆ. ನನ್ನ ತಕರಾರಿರುವುದು ಅದನ್ನು ಕಸ ಗುಡಿಸುವ ಕೆಲಸ ಎಂದುಕೊಳ್ಳುವುದರ ಬಗ್ಗೆ. ಕ್ಯಾಶ್‌ನಲ್ಲಿ ಇರುವುದು ನಕಲುಗಳು. ಅಳಿಸುವ ಮುನ್ನ ಇವುಗಳ ಅಸಲು ಎಲ್ಲಿದೆ ಎಂದು ಒಂದು ಮಾತು ಕೇಳಿಕೊಂಡರೆ ಅರ್ಧ ಅನಾಹುತ ತಪ್ಪುತ್ತದೆ.

ಹೊಲ ಇರುವ ಮನೆಯವರಿಗೆ ಪಹಣಿ ಎಂದರೆ ಬಿಡಿಸಿ ಹೇಳಬೇಕಿಲ್ಲ. ಅಸಲು ದಾಖಲೆ ಇರುವುದು ಸರ್ಕಾರದ ‘ಭೂಮಿ’ ತಂತ್ರಾಂಶದಲ್ಲಿ. ಸೊಸೈಟಿ ಸಾಲಕ್ಕೊಮ್ಮೆ, ಬೆಳೆ ವಿಮೆಗೊಮ್ಮೆ ನಾಡಕಚೇರಿಯ ಸಾಲಿನಲ್ಲಿ ನಿಲ್ಲುವುದು ಯಾರಿಗೆ ಬೇಕೆಂದು ನಮ್ಮಪ್ಪ ನಾಲ್ಕಾರು ಪ್ರತಿ ತೆಗೆಸಿ ಬೀರುವಿನಲ್ಲಿ ಇಟ್ಟುಕೊಂಡಿರುತ್ತಾರೆ. ಬೇಕೆಂದಾಗ ಕೈಗೆ ಸಿಗುತ್ತದೆ, ಒಂದು ದಿನ ಉಳಿಯುತ್ತದೆ. ಆದರೆ ಪಾಲಾಗಿ, ಮ್ಯುಟೇಶನ್ ಆಗಿ, ಚಿಕ್ಕಪ್ಪನ ಹೆಸರು ಸೇರಿದ ಮೇಲೂ ಬೀರುವಿನಲ್ಲಿರುವ ಕಾಗದ ಹಳೆಯ ಕತೆಯನ್ನೇ ಹೇಳುತ್ತಿರುತ್ತದೆ. ಅದನ್ನು ಹರಿದು ಹಾಕಿದರೆ ಜಮೀನು ಎಲ್ಲಿಗೂ ಹೋಗುವುದಿಲ್ಲ. ಇನ್ನೊಂದು ಸಲ ಸಾಲಿನಲ್ಲಿ ನಿಲ್ಲಬೇಕು, ಅಷ್ಟೆ.

ಆ್ಯಪಿನ ಕ್ಯಾಶ್ ಮಾಡುವುದೂ ಇದೇ ಕೆಲಸ. ಸಹೋದ್ಯೋಗಿಗಳ ಮುಖದ ಚಿತ್ರ, ಇಮೋಜಿ, ಗ್ರೂಪಿಗೆ ಬಂದ ಫೋಟೋಗಳು, ಆ್ಯಪಿನ ಪರದೆಯನ್ನೇ ಕಟ್ಟುವ ಪ್ರೋಗ್ರಾಮಿನ ತುಂಡುಗಳು, ಎಲ್ಲವೂ ಮೊದಲ ಸಲ ಸರ್ವರಿನಿಂದ ಇಳಿದು ಬರುತ್ತವೆ. ಬಂದದ್ದರ ಒಂದು ಪ್ರತಿ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಎಷ್ಟು ಕಾಲ ಈ ಪ್ರತಿಯನ್ನು ನಂಬಬಹುದು ಎಂದು ಸರ್ವರ್ ಮೊದಲೇ ಹೇಳಿ ಕಳಿಸಿರುತ್ತದೆ. ಅವಧಿ ಮುಗಿದ ಮೇಲೆ ಆ್ಯಪು ‘ಇದೇನಾದರೂ ಬದಲಾಗಿದೆಯೇ?’ ಎಂದು ಸರ್ವರನ್ನು ಕೇಳುತ್ತದೆ. ಬದಲಾಗಿಲ್ಲದಿದ್ದರೆ ಸರ್ವರ್ 304 ಎಂಬ ಸಂಖ್ಯೆಯನ್ನಷ್ಟೇ ಕಳಿಸಿ ಸುಮ್ಮನಾಗುತ್ತದೆ, ಫೈಲನ್ನು ಮತ್ತೆ ಕಳಿಸುವುದಿಲ್ಲ. 404 ನೋಡಿ ಬೈದುಕೊಂಡವರು ಊರೆಲ್ಲ ಇದ್ದಾರೆ. 304 ಮಾತ್ರ ದಿನವಿಡೀ ದುಡಿದರೂ ಯಾರ ಕಣ್ಣಿಗೂ ಬೀಳುವುದಿಲ್ಲ.

ಇದು ಬ್ರೌಸರಿನ ವಿದ್ಯೆ, ಆಫೀಸಿನ ಚಾಟಿಗೂ ಬ್ರೌಸರಿಗೂ ಏನು ಸಂಬಂಧ ಎಂದು ಕೇಳಬಹುದು. ಬಹಳ ಹತ್ತಿರದ ಸಂಬಂಧ. ‘ಗ್ಲಿಚ್’ ಎಂಬ ಆನ್‌ಲೈನ್ ಆಟ ಕಟ್ಟುತ್ತಿದ್ದ ಟೈನಿ ಸ್ಪೆಕ್ ಎಂಬ ಕಂಪನಿ ತನ್ನವರ ಮಾತುಕತೆಗೆಂದು ಒಂದು ಚಾಟ್ ವ್ಯವಸ್ಥೆ ಮಾಡಿಕೊಂಡಿತ್ತು. ಆಟ ಓಡಲಿಲ್ಲ, ಚಾಟ್ ಓಡಿತು. ಅದೇ 2013ರಲ್ಲಿ ಸ್ಲ್ಯಾಕ್ ಎಂದು ಹೊರಬಂತು. ಅದೇ ವರ್ಷ ಗಿಟ್‌ಹಬ್‌ನವರು ತಮ್ಮ ಆ್ಯಟಂ ಎಂಬ ಎಡಿಟರಿಗಾಗಿ ಒಂದು ಚೌಕಟ್ಟು ಕಟ್ಟತೊಡಗಿದರು. ಕ್ರೋಮ್ ಬ್ರೌಸರಿನ ಒಳಗಿರುವ ಕ್ರೋಮಿಯಂ ಎಂಜಿನ್ನನ್ನೇ ಹೊಟ್ಟೆಯಲ್ಲಿಟ್ಟುಕೊಂಡ ಆ ಚೌಕಟ್ಟಿಗೆ 2015ರಲ್ಲಿ ಎಲೆಕ್ಟ್ರಾನ್ ಎಂದು ಹೆಸರಾಯಿತು. ಕಂಪ್ಯೂಟರಿನಲ್ಲಿ ಓಡುವ ಸ್ಲ್ಯಾಕ್ ಅದರ ಮೇಲೆ ನಿಂತಿದೆ. 2017ರಲ್ಲಿ ಬಂದ ಮೈಕ್ರೋಸಾಫ್ಟ್ ಟೀಮ್ಸ್ ಕೂಡ ಮೊದಲು ಅದರ ಮೇಲೇ ಇತ್ತು. 2023ರ ಹೊಸ ಟೀಮ್ಸ್ ಎಲೆಕ್ಟ್ರಾನನ್ನು ಬಿಟ್ಟು ವೆಬ್‌ವ್ಯೂ2ಕ್ಕೆ ಬಂತು, ಅಂದರೆ ವಿಂಡೋಸಿನ ಎಡ್ಜ್ ಬ್ರೌಸರಿನ ಎಂಜಿನ್ನಿಗೆ. ವೇಗ ಎರಡು ಪಟ್ಟು, ಮೆಮೊರಿ ಅರ್ಧ ಎಂದು ಮೈಕ್ರೋಸಾಫ್ಟ್ ಹೇಳಿಕೊಂಡಿತು. ಏನೇ ಇರಲಿ, ಬೆಳಿಗ್ಗೆ ಚಾಟ್ ತೆರೆಯುವವರೆಲ್ಲ ತೆರೆಯುತ್ತಿರುವುದು ಅಡ್ರೆಸ್ ಬಾರ್ ಕಾಣದ ಒಂದು ಬ್ರೌಸರನ್ನು.

ವೇಗಕ್ಕೆಂದೇ ಇಟ್ಟುಕೊಂಡ ನಕಲು ನಿಧಾನಕ್ಕೆ ಕಾರಣವಾಗುವುದು ಹೇಗೆ? ‘ಕ್ಯಾಶ್ ತುಂಬಿಹೋಗಿದೆ’ ಎಂಬುದು ಎಲ್ಲರ ಬಾಯಲ್ಲೂ ಇರುವ ಉತ್ತರ. ನನಗೆ ಅದು ಅಷ್ಟಾಗಿ ಒಪ್ಪಿಗೆಯಿಲ್ಲ. ಕ್ರೋಮಿಯಂ ತನ್ನ ಕ್ಯಾಶಿಗೆ ತಾನೇ ಒಂದು ಮಿತಿ ಹಾಕಿಕೊಂಡಿರುತ್ತದೆ. ಮಿತಿ ಮುಟ್ಟಿದಾಗ ಬಹಳ ದಿನದಿಂದ ಯಾರೂ ಮುಟ್ಟದ ಫೈಲುಗಳನ್ನು ತಾನೇ ತೆಗೆದುಹಾಕುತ್ತದೆ. ಕೆಡುವುದು ಬೇರೆ ಕಡೆ. ಯುಪಿಎಸ್ ಕೈಕೊಟ್ಟು ಕಂಪ್ಯೂಟರ್ ದಿಢೀರನೆ ಆರಿತೆನ್ನಿ, ಅಥವಾ ಹೊರಡುವ ಅವಸರದಲ್ಲಿ ಯಾರೋ ಪವರ್ ಬಟನ್ ಒತ್ತಿ ಹಿಡಿದು ಆರಿಸಿದರೆನ್ನಿ, ಆ ಕ್ಷಣ ಬರೆಯುತ್ತಿದ್ದ ಫೈಲು ಅರ್ಧಕ್ಕೇ ನಿಲ್ಲುತ್ತದೆ. ಮರುದಿನ ಆ್ಯಪು ಅದನ್ನು ಓದಲು ಹೋಗಿ ತಡವರಿಸುತ್ತದೆ. ಇನ್ನು ಕೆಲವು ಸಲ ಆ್ಯಪು ಹೊಸ ಆವೃತ್ತಿಗೆ ಅಪ್‌ಡೇಟ್ ಆಗಿರುತ್ತದೆ, ಕ್ಯಾಶ್‌ನಲ್ಲಿ ಮಾತ್ರ ಹಳೆಯ ತುಂಡು ಉಳಿದಿರುತ್ತದೆ. ಪರದೆ ಬೆಳ್ಳಗೆ ನಿಂತುಬಿಡುತ್ತದೆ, ಬಟನ್ ಒತ್ತಿದರೂ ಅಲುಗುವುದಿಲ್ಲ. ಇಂಥ ಕೇಸುಗಳಲ್ಲಿ ಕ್ಯಾಶ್ ಅಳಿಸುವುದಕ್ಕಿಂತ ಒಳ್ಳೆಯ ಮದ್ದಿಲ್ಲ.

ಕ್ಯಾಶಿನ ಪಕ್ಕದ ಫೋಲ್ಡರಿನಲ್ಲೇ ಒಂದು ಪುಟ್ಟ ಡೇಟಾಬೇಸ್ ಕೂಡ ಇರುತ್ತದೆ. ಇತ್ತೀಚಿನ ಮೆಸೇಜುಗಳು, ಗ್ರೂಪುಗಳ ಪಟ್ಟಿ, ಜನರ ಪಟ್ಟಿ ಅದರಲ್ಲಿರುವುದುಂಟು. ಕ್ರೋಮಿಯಂ ಇದಕ್ಕೆ ಬಳಸುವುದು ಲೆವೆಲ್‌ಡಿಬಿ ಎಂಬ ತಂತ್ರವನ್ನು. ಗೂಗಲಿನ ಜೆಫ್ ಡೀನ್ ಮತ್ತು ಸಂಜಯ್ ಘೆಮಾವತ್ ಬರೆದದ್ದು, 2011ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಇದರಲ್ಲೊಂದು ಸ್ವಾರಸ್ಯವಿದೆ. ಒಂದು ನಮೂದನ್ನು ಅಳಿಸಿ ಎಂದರೆ ಇದು ಕೂಡಲೇ ಅಳಿಸುವುದಿಲ್ಲ, ‘ಇದು ಅಳಿಸಿದ್ದು’ ಎಂದು ಇನ್ನೊಂದು ನಮೂದು ಬರೆದಿಡುತ್ತದೆ. ನಿಜವಾಗಿ ಕಿತ್ತು ಹಾಕುವುದು ಮುಂದೊಮ್ಮೆ, ಫೈಲುಗಳನ್ನು ಕೂಡಿಸಿ ಹೊಸದಾಗಿ ಬರೆಯುವಾಗ. ಅಲ್ಲಿಯವರೆಗೆ ಓದಬೇಕಾದ ನಮೂದುಗಳು ಬೆಳೆಯುತ್ತಲೇ ಇರುತ್ತವೆ. ಇದರ ಜೊತೆ ಕಂಪ್ಯೂಟರಿನಲ್ಲಿ ಹಳೆಯ ಹಾರ್ಡ್ ಡಿಸ್ಕ್ ಇದ್ದು, ಆ್ಯಂಟಿವೈರಸ್ಸು ತೆರೆದ ಪ್ರತಿ ಸಣ್ಣ ಫೈಲನ್ನೂ ತಡೆದು ತಪಾಸಣೆ ಮಾಡುತ್ತಿದ್ದರೆ, ಚಾಟ್ ತೆರೆಯುವಷ್ಟರಲ್ಲಿ ಕಾಫಿ ಕುಡಿದು ಬರಬಹುದು. ಎಸ್‌ಎಸ್‌ಡಿ ಇರುವ ಯಂತ್ರದಲ್ಲಿ ಇದೇ ತೊಂದರೆ ಗೊತ್ತೇ ಆಗುವುದಿಲ್ಲ.

ಕ್ಯಾಶ್ ಕಸವಲ್ಲ ಎಂಬುದಕ್ಕೆ ನಾನು ಯಾವಾಗಲೂ ಹೇಳುವ ಉದಾಹರಣೆ 2021ರ ಜನವರಿ 4ರದು. ಅಂದು ಸೋಮವಾರ. ಕ್ರಿಸ್‌ಮಸ್, ಹೊಸ ವರ್ಷದ ರಜೆ ಮುಗಿಸಿ ಅಮೆರಿಕದ ಆಫೀಸುಗಳು ತೆರೆದ ದಿನ ಸ್ಲ್ಯಾಕ್ ಗಂಟೆಗಟ್ಟಲೆ ಕುಸಿಯಿತು. ಆಮೇಲೆ ಕಂಪನಿಯೇ ಕಾರಣ ಬಿಡಿಸಿ ಬರೆಯಿತು. ಅಮೆಜಾನ್ ಕ್ಲೌಡಿನಲ್ಲಿ ಅವರ ಜಾಲಗಳನ್ನು ಜೋಡಿಸುವ ಕೊಂಡಿಯೊಂದು, ಏರಿದ ಸಂಚಾರಕ್ಕೆ ತಕ್ಕಷ್ಟು ಬೇಗ ಹಿಗ್ಗಲಿಲ್ಲ. ಸಂಚಾರ ಹಾಗೆ ಏರಲು ಇದ್ದ ಕಾರಣಗಳಲ್ಲಿ ಒಂದು ನಮ್ಮ ಈ ಕ್ಯಾಶೇ. ರಜೆಯಲ್ಲಿ ಹೆಚ್ಚಿನವರು ಆ್ಯಪ್ ತೆರೆದಿರಲಿಲ್ಲ, ಜನರ ಯಂತ್ರಗಳಲ್ಲಿದ್ದ ನಕಲುಗಳು ಹಳಸಿಹೋಗಿದ್ದವು. ಸೋಮವಾರ ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಕೂತು ತೆರೆದಾಗ ಪ್ರತಿ ಆ್ಯಪೂ ಮಾಮೂಲಿಗಿಂತ ಹೆಚ್ಚು ಮಾಹಿತಿಯನ್ನು ಸರ್ವರಿನಿಂದ ಎಳೆಯತೊಡಗಿತು. ವರ್ಷದ ಅತಿ ಖಾಲಿ ದಿನಗಳಿಂದ ಅತಿ ಗಡಿಬಿಡಿಯ ದಿನಕ್ಕೆ ಒಂದೇ ರಾತ್ರಿಯಲ್ಲಿ ಹಾರಿದಂತಾಯಿತು. ದಿನನಿತ್ಯ ಈ ನಕಲುಗಳು ಎಷ್ಟು ಭಾರ ಹೊರುತ್ತಿವೆ ಎಂಬುದು ತಿಳಿಯುವುದು ಅವು ಇಲ್ಲದ ದಿನ. ಕ್ಯಾಶ್ ಅಳಿಸಿದ ಮೇಲೆ ಮೊದಲ ಸಲ ಆ್ಯಪು ಇನ್ನಷ್ಟು ನಿಧಾನವಾಗಿ ತೆರೆಯುವುದೂ ಇದೇ ಕಾರಣಕ್ಕೆ. ಆಗ ಗಾಬರಿಯಾಗಿ ನನಗೆ ಮತ್ತೆ ಫೋನ್ ಮಾಡಬೇಡಿ.

ಅಳಿಸುವ ವಿಧಾನ ಕಷ್ಟದ್ದೇನಲ್ಲ. ಸ್ಲ್ಯಾಕಿನಲ್ಲಾದರೆ ಹೆಲ್ಪ್ ಮೆನುವಿನ ಟ್ರಬಲ್‌ಶೂಟಿಂಗ್ ಒಳಗೆ ‘ಕ್ಲಿಯರ್ ಕ್ಯಾಶ್ ಆ್ಯಂಡ್ ರೀಸ್ಟಾರ್ಟ್’ ಎಂದಿರುತ್ತದೆ. ಅಲ್ಲೇ ಇರುವ ‘ರೀಸೆಟ್ ಆ್ಯಪ್ ಡೇಟಾ’ ಒತ್ತಿದರೆ ಮತ್ತೆ ಲಾಗಿನ್ ಆಗಬೇಕಾಗುತ್ತದೆ, ಹಾಗಾಗಿ ಅದನ್ನು ಎರಡನೆಯ ಮದ್ದಾಗಿ ಇಟ್ಟುಕೊಳ್ಳಿ. ವಿಂಡೋಸಿನ ಹೊಸ ಟೀಮ್ಸಿಗೆ ಸೆಟ್ಟಿಂಗ್ಸ್‌ನ ಆ್ಯಪ್ಸ್ ಪಟ್ಟಿಗೆ ಹೋಗಿ, ಟೀಮ್ಸ್ ಮುಂದಿನ ಮೂರು ಚುಕ್ಕಿ ಒತ್ತಿ, ಅಡ್ವಾನ್ಸ್‌ಡ್ ಆಪ್ಷನ್ಸ್‌ನಲ್ಲಿ ‘ರೀಸೆಟ್’ ಕೊಡಬೇಕು. ಯಾವುದೇ ಆ್ಯಪಿರಲಿ, ಫೋಲ್ಡರಿಗೆ ಕೈಹಾಕುವ ಮುನ್ನ ಅದನ್ನು ಪೂರ್ತಿ ಮುಚ್ಚಿ. ಮೇಲಿನ ಇಂಟು ಗುರುತು ಒತ್ತಿದರೆ ಇವು ಬಚ್ಚಿಟ್ಟುಕೊಳ್ಳುತ್ತವೆ, ಅಷ್ಟೆ. ಕೆಳಗಿನ ಮೂಲೆಯ ಸಣ್ಣ ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ ‘ಕ್ವಿಟ್’ ಎನ್ನಬೇಕು. ಐಫೋನಿನಲ್ಲಿ ಎಲ್ಲ ಆ್ಯಪಿಗೂ ಅನ್ವಯಿಸುವ ಕ್ಯಾಶ್ ಬಟನ್ನೇ ಇಲ್ಲ, ಆ್ಯಪಿನ ಒಳಗೆ ಇದ್ದರೆ ಉಂಟು.

ಆ್ಯಂಡ್ರಾಯ್ಡಿನಲ್ಲಿ ಸೆಟ್ಟಿಂಗ್ಸ್, ಆ್ಯಪ್ಸ್, ಸ್ಟೋರೇಜ್ ಎಂದು ಒಳಗೆ ಹೋದರೆ ‘ಕ್ಲಿಯರ್ ಕ್ಯಾಶ್’ ಸಿಗುತ್ತದೆ. ಅದರ ಮಗ್ಗುಲಲ್ಲೇ ‘ಕ್ಲಿಯರ್ ಡೇಟಾ’, ಕೆಲವು ಫೋನಿನಲ್ಲಿ ‘ಕ್ಲಿಯರ್ ಸ್ಟೋರೇಜ್’, ಕೂತಿರುತ್ತದೆ. ಈ ಎರಡು ಬಟನ್ನುಗಳನ್ನು ಅಕ್ಕಪಕ್ಕ ಇಟ್ಟವರ ಮೇಲೆ ನನಗೆ ಸಿಟ್ಟಿದೆ. ನಮ್ಮ ಸ್ಟೋರ್ಸ್‌ನ ಹಿರಿಯರೊಬ್ಬರು ಒಂದು ಮಧ್ಯಾಹ್ನ ಫೋನ್ ಮಾಡಿದರು.

‘ಏನಮ್ಮಾ, ವಾಟ್ಸಾಪ್ ತುಂಬ ಸ್ಲೋ ಆಗಿದೆ. ಇಲ್ಲಿ ಎರಡು ಬಟನ್ ಬಂದಿದೆ. ಯಾವುದು ಒತ್ತಲಿ?’

‘ಎರಡೂ ಒತ್ತಬೇಡಿ ಸರ್. ಹಂಗೇ ಇರಿ, ಬಂದೆ.’

‘ಯಾಕಮ್ಮಾ, ಮೊನ್ನೆ ಕಂಪ್ಯೂಟರಿನಲ್ಲಿ ನೀನೇ ಎಲ್ಲಾ ಅಳಿಸಿದ್ಯಲ್ಲ, ಏನೂ ಆಗಲಿಲ್ಲ?’

ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ಕಂಪ್ಯೂಟರಿನಲ್ಲಿ ಅಳಿಸಿದ್ದು ಆಫೀಸಿನ ಚಾಟಿನ ನಕಲನ್ನು. ಸ್ಲ್ಯಾಕ್, ಟೀಮ್ಸ್‌ಗಳಲ್ಲಿ ಮೆಸೇಜಿನ ಅಸಲು ಸರ್ವರಿನಲ್ಲಿರುತ್ತದೆ. ಯಂತ್ರವನ್ನೇ ಬದಲಿಸಿ ಲಾಗಿನ್ ಆದರೂ ಹಳೆಯ ಮಾತೆಲ್ಲ ಬಂದು ಕೂರುತ್ತದೆ. ವಾಟ್ಸಾಪಿನ ಲೆಕ್ಕ ತಿರುಗುಮುರುಗು. ಮೆಸೇಜು ತಲುಪಿದ ಮೇಲೆ ಅದರ ಸರ್ವರು ಅದನ್ನು ಇಟ್ಟುಕೊಳ್ಳುವುದಿಲ್ಲ. ಅಸಲು ನಿಮ್ಮ ಫೋನಿನಲ್ಲೇ ಇದೆ, ‘ಕ್ಲಿಯರ್ ಡೇಟಾ’ ಒತ್ತಿದರೆ ಹೋಗುವುದೂ ಅಸಲೇ. ಗೂಗಲ್ ಖಾತೆಗೆ ಬ್ಯಾಕಪ್ ಆಗಿದ್ದರೆ, ಅಥವಾ ವಾಟ್ಸಾಪ್ ಬೆಳಗಿನ ಜಾವ ಎರಡಕ್ಕೆ ಫೋನಿನಲ್ಲೇ ಬರೆದಿಡುವ ಪ್ರತಿ ಇದ್ದರೆ ಅಲ್ಲಿಯವರೆಗಿನದು ಸಿಗುತ್ತದೆ, ಆಮೇಲಿನದು ಸಿಗುವುದಿಲ್ಲ. ಸಣ್ಣ ಕಾರ್ಖಾನೆಗಳಲ್ಲಿ, ಅಂಗಡಿಗಳಲ್ಲಿ, ಟ್ರಾನ್ಸ್‌ಪೋರ್ಟ್ ಆಫೀಸುಗಳಲ್ಲಿ ಕೆಲಸದ ಮಾತೆಲ್ಲ ವಾಟ್ಸಾಪಿನಲ್ಲೇ. ಡೆಲಿವರಿ ಚಲನ್ನಿನ ಫೋಟೋ, ರೇಟು ಒಪ್ಪಿಕೊಂಡ ಮೆಸೇಜು, ಬೇರೆಲ್ಲೂ ಇಲ್ಲದ ದಾಖಲೆ ಅಲ್ಲಿರುತ್ತದೆ.

ಅಲ್ಲದೆ ವಾಟ್ಸಾಪಿನ ಭಾರ ಸಾಮಾನ್ಯವಾಗಿ ಕ್ಯಾಶಿನಲ್ಲಿರುವುದೇ ಇಲ್ಲ, ಬಂದ ಫೋಟೋ, ವಿಡಿಯೋಗಳಲ್ಲಿರುತ್ತದೆ. ಭಾರತದ ಗುಡ್ ಮಾರ್ನಿಂಗ್ ಚಿತ್ರಗಳು ಫೋನುಗಳನ್ನು ತುಂಬಿಸುತ್ತಿವೆ ಎಂದು 2018ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಸುದ್ದಿಯನ್ನೇ ಬರೆದಿತ್ತು. ಗೂಗಲ್ ಅದಕ್ಕೂ ಕೊಂಚ ಮೊದಲು, 2017ರ ಡಿಸೆಂಬರಿನಲ್ಲಿ, ಫೋನ್ ಖಾಲಿ ಮಾಡಿಕೊಡುವ ‘ಫೈಲ್ಸ್ ಗೋ’ ಆ್ಯಪ್ ತಂದಿತ್ತು. ಹಿರಿಯರ ಫೋನಿನಲ್ಲಿ ವಾಟ್ಸಾಪಿನ ಸೆಟ್ಟಿಂಗ್ಸ್ ತೆರೆದು ‘ಸ್ಟೋರೇಜ್ ಆ್ಯಂಡ್ ಡೇಟಾ’ ಒಳಗಿನ ‘ಮ್ಯಾನೇಜ್ ಸ್ಟೋರೇಜ್’ಗೆ ಹೋದೆವು. ತಾವರೆ, ಸೂರ್ಯೋದಯ, ವೆಂಕಟರಮಣಸ್ವಾಮಿ, ಮೇಲೆ ಹಬೆಯಾಡುವ ಕಾಫಿ ಲೋಟ. ದೇವರ ಚಿತ್ರ ಅಳಿಸಲು ಅವರು ಒಪ್ಪಲಿಲ್ಲ. ಸೂರ್ಯೋದಯಗಳನ್ನೆಲ್ಲ ಅಳಿಸಿದೆವು, ಫೋನು ಹಗುರಾಯಿತು.

ಪ್ಲೇಸ್ಟೋರಿನ ‘ಬೂಸ್ಟರ್’, ‘ಕ್ಲೀನರ್’ ಆ್ಯಪುಗಳ ಬಗ್ಗೆ ಕೇಳುವವರಿಗೆ ನನ್ನ ಉತ್ತರ ಚಿಕ್ಕದು: ಬೇಡ. ಫೋನಿನ ಸೆಟ್ಟಿಂಗ್ಸ್‌ನಲ್ಲೇ ಇರುವ ಬಟನ್ನಿಗಾಗಿ ಜಾಹೀರಾತು ನೋಡುವ ಕರ್ಮ ಏಕೆ?

ದೂರು ಬಂದಾಗ ನಾನು ಮೊದಲು ಕೇಳುವುದು ಪಕ್ಕದ ಸೀಟಿನವರಿಗೂ ಹೀಗೇ ಆಗಿದೆಯೇ ಎಂದು. ಆಗಿದ್ದರೆ ನಿಮ್ಮ ಯಂತ್ರದ ಕ್ಯಾಶ್ ಕಾರಣವಲ್ಲ, ನೆಟ್‌ವರ್ಕೋ ಸರ್ವರೋ ಕೆಟ್ಟಿದೆ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಜೊತೆ ವಾಟ್ಸಾಪೂ ಸುಮಾರು ಆರು ಗಂಟೆ ನಿಂತಾಗ ಏನನ್ನು ಅಳಿಸಿದ್ದರೂ ಉಪಯೋಗವಿರಲಿಲ್ಲ. ಪಕ್ಕದವರಿಗೆ ಸರಿಯಿದ್ದರೆ, ಅದೇ ಆ್ಯಪನ್ನು ಬ್ರೌಸರಿನಲ್ಲಿ ತೆರೆದು ನೋಡಲು ಹೇಳುತ್ತೇನೆ. ಅಲ್ಲಿ ಚುರುಕಾಗಿದ್ದು ಆ್ಯಪಿನಲ್ಲಿ ಮಾತ್ರ ತೆವಳುತ್ತಿದ್ದರೆ ಆಗ ಕ್ಯಾಶ್ ಅಳಿಸುವುದು ಸರಿಯಾದ ಚಿಕಿತ್ಸೆ. ಎರಡರಲ್ಲೂ ತೆವಳುತ್ತಿದ್ದರೆ ಟಾಸ್ಕ್ ಮ್ಯಾನೇಜರ್ ತೆರೆದು ಮೆಮೊರಿ ನೋಡಬೇಕು. 4 ಜಿಬಿ ರ್‍ಯಾಮಿನ ಯಂತ್ರದಲ್ಲಿ ಟ್ಯಾಲಿ, ಹತ್ತಿಪ್ಪತ್ತು ಟ್ಯಾಬಿನ ಕ್ರೋಮ್, ಅದರ ಮೇಲೊಂದು ಚಾಟ್ ಆ್ಯಪ್ ಎಂದರೆ ಒಂದರ ಪಕ್ಕ ಒಂದು ಬ್ರೌಸರ್ ಕೂರಿಸಿದ ಹಾಗಾಯಿತು.

ಹೋದ ತಿಂಗಳು ನಮ್ಮ ಪ್ಲಾಂಟ್ ಹೆಡ್ ಕರೆಸಿ, ‘ಎಲ್ಲರ ಕಂಪ್ಯೂಟರಿನಲ್ಲೂ ಪ್ರತಿ ಶನಿವಾರ ರಾತ್ರಿ ಕ್ಯಾಶ್ ತಾನೇ ಕ್ಲಿಯರ್ ಆಗೋ ಹಾಗೆ ಸ್ಕ್ರಿಪ್ಟ್ ಹಾಕಿಬಿಡಮ್ಮ’ ಎಂದರು. ಸ್ಲ್ಯಾಕಿನ ಆ ಸೋಮವಾರದ ಕತೆ ಹೇಳಿದೆ. ಇಡೀ ಆಫೀಸು ಸೋಮವಾರ ಬೆಳಿಗ್ಗೆ ಒಂದೇ ಲೈನಿನಲ್ಲಿ ಎಲ್ಲವನ್ನೂ ಹೊಸದಾಗಿ ಇಳಿಸಿಕೊಳ್ಳಲು ಕೂತರೆ ನನ್ನ ಫೋನು ಇನ್ನೂ ಹೆಚ್ಚು ಹೊಡೆದುಕೊಳ್ಳುತ್ತದೆ ಎಂದೆ. ‘ಮತ್ತೇನು ಮಾಡೋಣ?’ ಎಂದರು. 4 ಜಿಬಿ ರ್‍ಯಾಮ್, ಹಾರ್ಡ್ ಡಿಸ್ಕ್ ಇರುವ ಯಂತ್ರಗಳ ಪಟ್ಟಿ ಮೊದಲೇ ಕೈಯಲ್ಲಿತ್ತು, ಕೊಟ್ಟೆ. ಅವರು ಸಹಿ ಮಾಡಿದರು. ಪರ್ಚೇಸ್‌ನವರು ಮೂರು ಕೊಟೇಶನ್ ಕೇಳಿದ್ದಾರೆ. ಎರಡು ಬಂದಿವೆ.