ಇರುವೆಗೆ ಮರೆವು ಕಲಿಸಿದವರು

ಮಲೆನಾಡಿನ ಜಯಪುರ, ಕೊಪ್ಪದ ಕಡೆ ಇರುವೆ ಎಂದರೆ ಮರದ ಮೇಲಿನ ಕೆಂಪಿರುವೆ ಚಗಳಿ ನೆನಪಾಗುತ್ತದೆ. ಮೊದಲು ಅದರ ಕಡಿತ, ಆಮೇಲೆ ಚಟ್ನಿ. ನಾನು ಹೇಳಹೊರಟಿರುವುದು ನೆಲದ ಮೇಲೆ ಸಾಲು ಹಿಡಿದು ಹೋಗುವ ಇರುವೆಗಳ ಸಂಗತಿ. ಅವುಗಳ ದಾರಿ ಕವಲೊಡೆಯುವುದೇಕೆ? ಕಾದಂಬರಿಕಾರರೆಂದು ನಾವು ಬಲ್ಲ ಕೆ.ಎನ್. ಗಣೇಶಯ್ಯ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿದ್ದಾಗ, ಟಿ. ವೀಣಾ ಅವರ ಜೊತೆ ಗೆದ್ದಲು ಬೇಟೆಯಾಡುವ ಲೆಪ್ಟೊಜೆನಿಸ್ ಇರುವೆಯ ಜಾಡುಗಳನ್ನು ಅಭ್ಯಾಸ ಮಾಡಿ, ಈ ಪ್ರಶ್ನೆಯನ್ನು ತಲೆಬರಹದಲ್ಲೇ ಇಟ್ಟು 1991ರಲ್ಲಿ ಪ್ರಬಂಧ ಪ್ರಕಟಿಸಿದರು.

ಅದಕ್ಕೆ ಎರಡು ವರ್ಷ ಮೊದಲು ಬ್ರಸೆಲ್ಸಿನ ಸೈಮನ್ ಗಾಸ್, ದನೂಬೂರ್ ಮತ್ತು ಸಂಗಡಿಗರ ಪ್ರಯೋಗ ಹೊರಬಂದಿತ್ತು. ಗೂಡಿಗೂ ಆಹಾರಕ್ಕೂ ನಡುವೆ ಎರಡು ಕವಲಿನ ಸೇತುವೆ. ಒಂದು ಗಿಡ್ಡ, ಒಂದು ಉದ್ದ. ಮೊದಮೊದಲು ಎರಡರಲ್ಲೂ ಓಡಾಡಿದ ಆರ್ಜೆಂಟೀನಾ ಇರುವೆಗಳು ಸ್ವಲ್ಪ ಹೊತ್ತಿಗೆ ಗಿಡ್ಡ ಕವಲು ಹಿಡಿದವು. ಯಾವ ಇರುವೆಯೂ ಅಳತೆ ಮಾಡಿರಲಿಲ್ಲ. ಗಿಡ್ಡ ದಾರಿಯಲ್ಲಿ ಹೋದದ್ದು ಬೇಗ ಮರಳುತ್ತದೆ, ಇರುವೆ ನಡೆಯುತ್ತ ಬಿಡುವ ವಾಸನೆ ಅಲ್ಲಿ ಬೇಗ ದಟ್ಟವಾಗುತ್ತದೆ, ವಾಸನೆಯಿದ್ದ ಕಡೆಗೆ ಮುಂದಿನದು ನಡೆಯುತ್ತದೆ. ಅಷ್ಟೇ.

ನನಗೆ ಹೆಚ್ಚು ರುಚಿಸಿದ್ದು ಪ್ರಯೋಗದ ಇನ್ನೊಂದು ಮಗ್ಗುಲು. ಮೊದಲು ಉದ್ದದ ಕವಲನ್ನಷ್ಟೇ ಇಟ್ಟು, ಗಿಡ್ಡದ್ದನ್ನು ತಡವಾಗಿ ಜೋಡಿಸಿದಾಗ ಇರುವೆಗಳು ಹಳೆಯ ದಾರಿಯನ್ನು ಬಿಡಲಿಲ್ಲ. ಅಲ್ಲಿನ ವಾಸನೆ ಆರಿರಲಿಲ್ಲ.

ಮಿಲಾನಿನ ಮಾರ್ಕೊ ಡೊರಿಗೊ 1992ರ ಡಾಕ್ಟರೇಟ್ ಪ್ರಬಂಧದಲ್ಲಿ, ಗಿಡ್ಡ ದಾರಿ ಹುಡುಕಲೆಂದು ಕಂಪ್ಯೂಟರಿನೊಳಗೆ ಇರುವೆ ಬಿಟ್ಟರು. ಅವರ ಲೆಕ್ಕದಲ್ಲಿ ಪ್ರತಿ ಸುತ್ತಿಗೂ ವಾಸನೆಯ ಅಂಕಿ ಒಂದಿಷ್ಟು ಆರುತ್ತದೆ. ನಿಜ ಇರುವೆಗಿಂತ ಬೇಗ ಮರೆಯುವ ಇರುವೆ! ಈ ಹಾದಿಯಲ್ಲೇ ಡಿ ಕಾರೊ ಮತ್ತು ಡೊರಿಗೊ 1998ರಲ್ಲಿ, ಕಂಪ್ಯೂಟರ್ ಜಾಲದಲ್ಲಿ ಸಂದೇಶಗಳಿಗೆ ದಾರಿ ಹುಡುಕುವ ಆ್ಯಂಟ್‌ನೆಟ್ ಎಂಬ ಪದ್ಧತಿ ಪ್ರಕಟಿಸಿದರು. ಪುಟ್ಟ ಪ್ಯಾಕೆಟ್ಟುಗಳು ಜಾಲದಲ್ಲಿ ಅಲೆದು, ಎಲ್ಲಿ ಎಷ್ಟು ಹೊತ್ತು ಹಿಡಿಯಿತೆಂದು ಗುರುತು ಹಾಕಿಕೊಂಡು, ಬಂದ ದಾರಿಯಲ್ಲೇ ಮರಳುತ್ತ ಒಂದೊಂದು ರೌಟರಿನ ದಾರಿಪಟ್ಟಿಯನ್ನು ತಿದ್ದುತ್ತವೆ. ಒಂದು ದಾರಿಯ ಅಂಕಿ ಏರಿದರೆ ಉಳಿದವುಗಳದು ಇಳಿಯುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಕೇಬಲ್ ತುಂಡಾಗುವ ಮಲೆನಾಡಿಗೆ ಬೇಕಾದ ಗುಣವೇ.

ದಾರಿ ಹುಡುಕುವವರು ಇರುವೆಯನ್ನು ನೋಡಿದರೆ, ಕಂಪ್ಯೂಟರಿಗೆ ನುಗ್ಗುವ ಮಾಲ್‌ವೇರ್ ಹಿಡಿಯಹೊರಟವರು ನೋಡಿದ್ದು ನಮ್ಮ ಮೈಯೊಳಗೆ. ರೋಗದಿಂದ ಕಾಯುವ ಟಿ-ಕೋಶಗಳಲ್ಲಿ ಸ್ವಂತ ಮೈಯ ಮೇಲೇ ತಿರುಗಿಬೀಳುವಂಥವನ್ನು ಥೈಮಸ್ ಗ್ರಂಥಿ ಅಲ್ಲೇ ಮುಗಿಸುತ್ತದೆ. 1994ರಲ್ಲಿ ಅಮೆರಿಕದ ಸ್ಟೆಫನಿ ಫಾರೆಸ್ಟ್, ಅಲನ್ ಪೆರೆಲ್ಸನ್ ಮೊದಲಾದವರು ಮನಬಂದಂತೆ ಪತ್ತೆ-ತುಣುಕುಗಳನ್ನು ಹುಟ್ಟಿಸಿ, ನಮ್ಮ ಒಳ್ಳೆಯ ಫೈಲಿಗೆ ಹೊಂದುವುದನ್ನೆಲ್ಲ ಎಸೆದರು. ಉಳಿದ ತುಣುಕು ಮುಂದೆ ಯಾವುದಕ್ಕಾದರೂ ಹೊಂದಿತೋ, ಅಲ್ಲಿ ಪರಕೀಯ ಕೈಯಾಡಿದೆ. ಆದರೆ ಸಾಫ್ಟ್‌ವೇರ್ ಅಪ್‌ಡೇಟ್ ಆದರೆ 'ನಮ್ಮದು' ಎಂಬುದೇ ಬದಲಾಗುತ್ತದೆ. ಹಳೆಯದನ್ನು ಮರೆಯದ ಕಾವಲುಗಾರ ಮನೆಯವರನ್ನೇ ಕಳ್ಳರೆನ್ನುತ್ತಾನೆ.

ಇಂದು ಇಂಟರ್ನೆಟ್ಟನ್ನು ಇರುವೆಗಳು ನಡೆಸುತ್ತಿವೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆ್ಯಂಟ್‌ನೆಟ್ ಗೆದ್ದದ್ದು ಕಂಪ್ಯೂಟರಿನೊಳಗಿನ ಅಣಕು ಜಾಲಗಳಲ್ಲಿ. ನಿಮ್ಮ ಮೊಬೈಲಿನ ಸಂದೇಶ ಈಗಲೂ ಸಾಗುವುದು ಒಎಸ್‌ಪಿಎಫ್, ಬಿಜಿಪಿ ಎಂಬ, ದಾರಿ ತೋರುವ ಹಳೆಯ ಪದ್ಧತಿಗಳ ಮೇಲೆ.